ಟ್ರಾಮಾ ಸರ್ಜನ್ ಆಗಿ ಹಿಂಸೆಯ ಬಗ್ಗೆ ಸಂಶೋಧನೆ ಮಾಡಲು ಸಾಧ್ಯವೇ? ಕೊಡಗಿನಲ್ಲಿದ್ದು ಅದನ್ನು ಆರಂಭಿಸುವುದು ಹೇಗೆ?

ಪ್ರಶ್ನೆ: ಗೋಣಿಕೊಪ್ಪದ ಹೌಸ್ ಸರ್ಜನ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಗೋಣಿಕೊಪ್ಪ. ಎಂಬಿಬಿಎಸ್ ಪರೀಕ್ಷೆಗಳನ್ನು ಮುಗಿಸಿ ಈಗ ಹೌಸ್ ಸರ್ಜನ್ ಆಗಿ ಕೆಲಸ ಮಾಡುತ್ತಿದ್ದೇನೆ. ಜನರಲ್ ಸರ್ಜರಿಯಲ್ಲಿ ಎಂಎಸ್ ಮಾಡಿ, ಅನಂತರ ಟ್ರಾಮಾ ಸರ್ಜರಿಯ (ಅಪಘಾತ, ಹಲ್ಲೆಗಳ ಗಾಯಗಳಿಗೆ ಮಾಡುವ ಶಸ್ತ್ರಚಿಕಿತ್ಸೆ) ಕಡೆಗೆ ಹೋಗಬೇಕೆಂಬ ಆಸೆ ಮೊದಲಿನಿಂದಲೂ ಇದೆ. ಕ್ಯಾಶುವಾಲ್ಟಿಯ ರಾತ್ರಿ ಪಾಳಿಗಳು ಆ ಆಸೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಹುಟ್ಟಿಸಿವೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅದರಲ್ಲೂ ಬಟವಾಡೆಯಾದ ರಾತ್ರಿ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಘಟ್ಟದ ತಿರುವಿನಲ್ಲಿ ಬೈಕ್ ಉರುಳಿಸಿಕೊಂಡವರು, ಆನೆಯ ದಾಳಿಗೆ ಸಿಕ್ಕವರ ಜೊತೆಯಲ್ಲೇ ಹೊಡೆದಾಟದಲ್ಲಿ ಗಾಯಗೊಂಡವರೂ ಬರುತ್ತಾರೆ. ಇತ್ತೀಚೆಗೆ ಬಂದ ಒಬ್ಬ ತೋಟದ ಕಾರ್ಮಿಕರ ಅಂಗೈ, ಬೀಸಿದ ಕತ್ತಿಯನ್ನು ತಡೆಯಲು ಹೋಗಿ ಆಳವಾಗಿ ಸೀಳಿತ್ತು. ಎರಡು ಬೆರಳುಗಳನ್ನು ಮಡಚಲು ಆಗುತ್ತಿರಲಿಲ್ಲ. ಮರಗಸಿಗೆಂದು (ತೋಟದ ನೆರಳು ಮರಗಳ ಕೊಂಬೆ ಸವರಲು) ಇಟ್ಟುಕೊಂಡಿದ್ದ ಕತ್ತಿ ಅದು. ಕೈಯನ್ನು ಸ್ವಚ್ಛಗೊಳಿಸುವಾಗ ಮುಂಗೈಯ ಕಿರುಬೆರಳಿನ ಕಡೆಯ ಅಂಚಿನಲ್ಲಿ ಹಳೆಯ ಹೊಲಿಗೆಯ ಕಲೆ ಕಂಡಿತು. ವಿಚಾರಿಸಿದಾಗ, ಹಿಂದಿನ ವರ್ಷ ಅದೇ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲು ವಸತಿ) ಅದೇ ವ್ಯಕ್ತಿ ಹೊಡೆದದ್ದು ಎಂದು ತಿಳಿಯಿತು. ನಾವು ರಕ್ತ ನಿಲ್ಲಿಸಿ, ಪೊಲೀಸರಿಗೆ ಎಂಎಲ್‌ಸಿ ಇಂಟಿಮೇಶನ್ (ಕಾನೂನಿಗೆ ಸಂಬಂಧಿಸಿದ ಗಾಯದ ಪ್ರಕರಣದ ಮಾಹಿತಿ) ಕಳುಹಿಸಿ, ಅವರನ್ನು ಮೈಸೂರಿಗೆ ರೆಫರ್ ಮಾಡಿದೆವು. ಕೇಸ್ ಶೀಟಿನಲ್ಲಿ ‘ಅಸಾಲ್ಟ್’ ಎಂಬ ಒಂದು ಪದ ಉಳಿಯಿತು. ಹಳೆಯ ಗಾಯದ ಮಾತು ಎಲ್ಲಿಯೂ ದಾಖಲಾಗಲಿಲ್ಲ, ಏಕೆಂದರೆ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಹೊಲಿಗೆ ಹಾಕಿ ಕಳುಹಿಸಿದವರು ಮತ್ತೆ ಅದೇ ಕಾರಣಕ್ಕೆ ಬರುತ್ತಾರೆಂದರೆ, ಆ ಕಾರಣವನ್ನು ಅಧ್ಯಯನ ಮಾಡುವುದು ಸರ್ಜನ್‌ನ ಕೆಲಸದ ಭಾಗವಾಗಬಾರದೇ? ಅಥವಾ ಅದು ಪೊಲೀಸರಿಗೂ ಸಮಾಜಶಾಸ್ತ್ರಜ್ಞರಿಗೂ ಬಿಟ್ಟದ್ದೇ? ಹಿಂಸೆಯ ಸಂಶೋಧನೆಯನ್ನೇ ವೃತ್ತಿಯ ಅಂಗವಾಗಿಸಿಕೊಂಡ ಶಸ್ತ್ರಚಿಕಿತ್ಸಕರು ಎಲ್ಲಾದರೂ ಇದ್ದಾರೆಯೇ, ಇದ್ದರೆ ಅವರ ದಾರಿ ಹೇಗಿತ್ತು, ನಮ್ಮಂಥ ಸಣ್ಣ ಜಿಲ್ಲೆಯಲ್ಲಿ ಇದನ್ನು ಆರಂಭಿಸಲು ಆಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಟ್ರಾಮಾ ಸರ್ಜನ್, ಮೈಸೂರು (ಊರು ಸೋಮವಾರಪೇಟೆ)

ಡಾಕ್ಟರ್, ನೀವು ಆ ಹಳೆಯ ಕಲೆಯನ್ನು ಗಮನಿಸಿ ಅದರ ಬಗ್ಗೆ ಕೇಳಿದಿರಲ್ಲ, ಈ ಸಂಶೋಧನೆ ಶುರುವಾಗುವುದು ಅಲ್ಲಿಂದಲೇ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಇದು ಸರ್ಜನ್‌ನ ಕೆಲಸವೇ ಹೌದು, ಏಕೆಂದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ಹಿಂಸೆಯೂ ಆಸ್ಪತ್ರೆಗೆ ಬರುತ್ತದೆ.

ಇದನ್ನು ಅಂಕಿಅಂಶಗಳ ಸಮೇತ ತೋರಿಸಿಕೊಟ್ಟವರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದ ಜೊನಾಥನ್ ಶೆಫರ್ಡ್ ಪ್ರಮುಖರು. ಅವರು ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರು. ಹೊಡೆದಾಟದಲ್ಲಿ ದವಡೆ ಮುರಿದುಕೊಂಡು, ಒಡೆದ ಗಾಜಿನಿಂದ ಮುಖ ಸೀಳಿಸಿಕೊಂಡು ಬಂದವರಿಗೆ ಚಿಕಿತ್ಸೆ ಕೊಡುತ್ತಲೇ, ಈ ಘಟನೆಗಳಲ್ಲಿ ದೊಡ್ಡ ಪಾಲು ಪೊಲೀಸರ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಅವರು ಕಂಡುಕೊಂಡರು. ಅವರು ರೂಪಿಸಿದ ವ್ಯವಸ್ಥೆ ತುಂಬ ಸರಳ. ತುರ್ತು ವಿಭಾಗದ ನೋಂದಣಿ ಸಿಬ್ಬಂದಿ ಗಾಯಾಳುವಿನಿಂದ ಘಟನೆ ನಡೆದ ನಿರ್ದಿಷ್ಟ ಸ್ಥಳ, ಸಮಯ, ಬಳಸಿದ ಆಯುಧ ಮುಂತಾದ ಕೆಲವೇ ಸಂಗತಿಗಳನ್ನು ಕೇಳಿ ದಾಖಲಿಸುತ್ತಾರೆ. ಹೆಸರು ಮತ್ತು ಗುರುತನ್ನು ತೆಗೆದ ಮಾಹಿತಿ ಪೊಲೀಸರಿಗೂ ನಗರಾಡಳಿತಕ್ಕೂ ಹೋಗುತ್ತದೆ. ಅದನ್ನು ನೋಡಿಕೊಂಡು ಅವರು ಗಸ್ತಿನ ಜಾಗ ಮತ್ತು ವೇಳೆಯನ್ನು ಬದಲಿಸುತ್ತಾರೆ, ಪದೇ ಪದೇ ಹೊಡೆದಾಟ ನಡೆಯುವ ಮದ್ಯದಂಗಡಿಗಳ ಮೇಲೆ ಕಣ್ಣಿಡುತ್ತಾರೆ. 2011ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ಹಿಂಸೆಯಿಂದಾಗಿ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಕಾರ್ಡಿಫ್‌ನಲ್ಲಿ ಒಂದು ಲಕ್ಷ ಜನಸಂಖ್ಯೆಗೆ ತಿಂಗಳಿಗೆ 7ರಿಂದ 5ಕ್ಕೆ ಇಳಿದಿತ್ತು. ಹೋಲಿಕೆಗೆ ತೆಗೆದುಕೊಂಡ ಇತರ ನಗರಗಳಲ್ಲಿ ಅದು 5ರಿಂದ 8ಕ್ಕೆ ಏರಿತ್ತು. ಶೆಫರ್ಡ್ ಅವರಿಗೆ 2008ರಲ್ಲಿ ಅಪರಾಧಶಾಸ್ತ್ರದ ಸ್ಟಾಕ್‌ಹೋಮ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಶಸ್ತ್ರಚಿಕಿತ್ಸಕರೊಬ್ಬರಿಗೆ ಸಂದದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಅವರ ಇನ್ನೊಂದು ಅಧ್ಯಯನವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಬಾರ್‌ಗಳಲ್ಲಿ ಮಾಮೂಲಿ ಗ್ಲಾಸಿನ ಬದಲು ಗಟ್ಟಿಗೊಳಿಸಿದ ಗ್ಲಾಸನ್ನು ಕೊಟ್ಟರೆ ಗಾಯಗಳು ಕಡಿಮೆಯಾಗುತ್ತವೆ ಎಂಬುದು ಯಾರಿಗಾದರೂ ಒಪ್ಪಿಗೆಯಾಗುವ ಮಾತು. ಆದರೆ 57 ಬಾರ್‌ಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಅದಕ್ಕೆ ವಿರುದ್ಧವಾಗಿತ್ತು: ಗಟ್ಟಿ ಎಂದು ಕೊಟ್ಟ ಆ ಗ್ಲಾಸುಗಳನ್ನು ಬಳಸಿದ ಬಾರ್‌ಗಳ ಸಿಬ್ಬಂದಿಗೇ ಹೆಚ್ಚು ಗಾಯಗಳಾಗಿದ್ದವು, ಏಕೆಂದರೆ ಆಗ ಮಾರುಕಟ್ಟೆಯಲ್ಲಿದ್ದ ಆ ಗ್ಲಾಸುಗಳಿಗೆ ಪೆಟ್ಟು ತಡೆಯುವ ಶಕ್ತಿ ಕಡಿಮೆಯಿತ್ತು. ಒಳ್ಳೆಯ ಉದ್ದೇಶದಿಂದ ಮಾಡಿದ ಉಪಾಯವನ್ನೂ ಅಳೆದು ನೋಡಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಟ್ರಾಮಾ ಸರ್ಜನ್ ಕಾರ್ನೆಲ್ ಕೂಪರ್ ಅವರಿಗೂ ನಿಮಗೆ ಕಾಡಿದ ಪ್ರಶ್ನೆಯೇ ಕಾಡಿತ್ತು. ತಾವು ಬದುಕಿಸಿ ಮನೆಗೆ ಕಳುಹಿಸಿದ ಯುವಕರು ಮತ್ತೆ ಗುಂಡೇಟಿನಿಂದ, ಇರಿತದಿಂದ ಬರುವುದನ್ನು ಕಂಡು, ಅವರು 1998ರಲ್ಲಿ ಆಸ್ಪತ್ರೆಯೊಳಗೇ ಒಂದು ಕಾರ್ಯಕ್ರಮ ಕಟ್ಟಿದರು. ಗಾಯಾಳು ಹಾಸಿಗೆಯಲ್ಲಿರುವಾಗಲೇ ಸಮಾಜ ಕಾರ್ಯಕರ್ತರು ಅವರನ್ನು ಭೇಟಿಯಾಗಿ, ಉದ್ಯೋಗ, ಓದು, ಕುಡಿತ ಮತ್ತು ಮಾದಕ ವಸ್ತುಗಳಿಂದ ಬಿಡುಗಡೆ, ವಸತಿ ಇವುಗಳಲ್ಲಿ ಯಾವುದು ಬೇಕೋ ಅದಕ್ಕೆ ದಾರಿ ಮಾಡಿಕೊಡುತ್ತಾರೆ, ಡಿಸ್ಚಾರ್ಜ್ ಆದ ಮೇಲೂ ಸಂಪರ್ಕದಲ್ಲಿರುತ್ತಾರೆ. ಜಾನ್ಸ್ ಹಾಪ್ಕಿನ್ಸ್‌ನ ಜೋಸೆಫ್ ಸಕ್ರಾನ್ ಅವರದು ಇನ್ನೂ ಭಿನ್ನವಾದ ದಾರಿ: 1994ರಲ್ಲಿ, 17ನೇ ವಯಸ್ಸಿನಲ್ಲಿ, ಯಾರಿಗೋ ಹಾರಿಸಿದ ಗುಂಡು ಅವರ ಗಂಟಲಿಗೆ ಹೊಕ್ಕಿತು. ಬದುಕಿ ಉಳಿದು ಟ್ರಾಮಾ ಸರ್ಜನ್ ಆದರು. ಜೊತೆಗೆ ಸಾರ್ವಜನಿಕ ಆರೋಗ್ಯ ಮತ್ತು ಸಾರ್ವಜನಿಕ ಆಡಳಿತ ಎರಡರಲ್ಲೂ ಪದವಿ ಪಡೆದರು. ಗುಂಡೇಟಿನ ಗಾಯಗಳನ್ನು ತಡೆಯುವ ಅಧ್ಯಯನ ಮತ್ತು ನೀತಿ ರೂಪಣೆ ಎರಡೂ ಈಗ ಅವರ ಕೆಲಸದ ಅಂಗವಾಗಿವೆ.

ನಮ್ಮಲ್ಲಿ ದಾರಿ ಹೀಗಿದೆ. ಎಂಎಸ್ ಜನರಲ್ ಸರ್ಜರಿಗೆ 3 ವರ್ಷ, ಅನಂತರ ಟ್ರಾಮಾ ಸರ್ಜರಿಯಲ್ಲಿ ಸೂಪರ್ ಸ್ಪೆಷಾಲಿಟಿ ಪದವಿಯಾದ ಎಂಸಿಎಚ್‌ಗೆ ಮತ್ತೆ 3 ವರ್ಷ. ದೆಹಲಿಯ ಏಮ್ಸ್‌ಗೆ ಸೇರಿದ ಜಯಪ್ರಕಾಶ ನಾರಾಯಣ ಟ್ರಾಮಾ ಕೇಂದ್ರದಲ್ಲಿಯೂ ರಿಷಿಕೇಶದ ಏಮ್ಸ್‌ನಲ್ಲಿಯೂ ಈ ಕೋರ್ಸ್ ಇದೆ. ಸೀಟುಗಳು ಕಡಿಮೆ, ಪರೀಕ್ಷೆ ಕಠಿಣ. ಎಂಎಸ್ ಮುಗಿದ ಮೇಲೆ ಟ್ರಾಮಾ ಕೆಲಸ ಹೆಚ್ಚಿರುವ ಆಸ್ಪತ್ರೆಯೊಂದರಲ್ಲಿ ಉಳಿದು ಅನುಭವ ಗಳಿಸುವುದೂ ಒಂದು ದಾರಿಯೇ. ಎಟಿಎಲ್‌ಎಸ್ (ಗಾಯಾಳುಗಳ ತುರ್ತು ಆರೈಕೆಯ) ತರಬೇತಿಯನ್ನು ಮಾತ್ರ ಬೇಗ ಮುಗಿಸಿಕೊಳ್ಳಿ.

ಸಂಶೋಧನೆಗೆ ಸರ್ಜನ್ ತರುವ ವಿಶೇಷ ಜ್ಞಾನ ಯಾವುದು ಎಂಬುದನ್ನೂ ಹೇಳಬೇಕು. ಮಹಿಳೆಯೊಬ್ಬರು ಮುಂಗೈ ಮುರಿದುಕೊಂಡು ಬಂದು “ಬಚ್ಚಲಲ್ಲಿ ಜಾರಿ ಬಿದ್ದೆ” ಎನ್ನುತ್ತಾರೆ. ಜಾರಿ ಬೀಳುವವರು ಸಾಮಾನ್ಯವಾಗಿ ಕೈಯೂರುತ್ತಾರೆ, ಆಗ ಮುರಿಯುವುದು ಹೆಚ್ಚಾಗಿ ಮಣಿಕಟ್ಟಿನ ಬಳಿ, ಮುಂಗೈಯ ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆ. ಎಕ್ಸ್-ರೇಯಲ್ಲಿ ಕಿರುಬೆರಳಿನ ಕಡೆಯ ಅಲ್ನಾ ಮೂಳೆಯೊಂದೇ ನಡುಭಾಗದಲ್ಲಿ ಮುರಿದಿದ್ದರೆ, ತಲೆಯ ಮೇಲೆ ಬೀಳುವ ದೊಣ್ಣೆಯ ಪೆಟ್ಟನ್ನು ತಡೆಯಲು ಅವರು ಕೈ ಎತ್ತಿರಬಹುದೇ ಎಂದು ಯೋಚಿಸಲೇಬೇಕು. ಅದೊಂದೇ ಸಾಕ್ಷ್ಯವಾಗುವುದಿಲ್ಲ, ಆದರೆ ಅವರನ್ನು ಇನ್ನೊಮ್ಮೆ, ಒಬ್ಬರೇ ಇರುವಾಗ, ಮೃದುವಾಗಿ ವಿಚಾರಿಸಲು ಅದು ಸಾಕಾದಷ್ಟು ಕಾರಣ. ಗಾಯವನ್ನು ಹೀಗೆ ಓದುವುದನ್ನು ಅಂಕಿಅಂಶ ತಜ್ಞರು ನಿಮ್ಮಿಂದಲೇ ಕಲಿಯಬೇಕು. ಲೆಕ್ಕ ಹಾಕುವುದನ್ನು ನೀವು ಅವರಿಂದ ಕಲಿಯಬೇಕು.

ಉತ್ತರ: ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕಿ

ಮೇಲಿನ ಉತ್ತರದ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ವಿಶ್ವ ಆರೋಗ್ಯ ಅಧಿವೇಶನವು 1996ರಲ್ಲಿಯೇ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಘೋಷಿಸಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿಂಸೆ ಮತ್ತು ಆರೋಗ್ಯದ ಬಗ್ಗೆ ತನ್ನ ಮೊದಲ ಜಾಗತಿಕ ವರದಿಯನ್ನು ಹೊರತಂದಿತು. ಹೀಗಿದ್ದೂ ನಮ್ಮ ಆಸ್ಪತ್ರೆಗಳ ದಾಖಲೆಗಳಲ್ಲಿ ಗಾಯದ ಸ್ವರೂಪ ಇರುತ್ತದೆ, ಅದರ ಕಾರಣ ಇರುವುದಿಲ್ಲ. ರೋಗ ಮತ್ತು ಗಾಯಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಐಸಿಡಿ-10 ಪದ್ಧತಿಯಲ್ಲಿ ಗಾಯಕ್ಕೆ ಒಂದು ಸಂಕೇತ, ಅದರ ಹೊರಗಿನ ಕಾರಣಕ್ಕೆ ಇನ್ನೊಂದು ಸಂಕೇತ ಇದೆ. ಬೇರೆಯವರು ಮಾಡಿದ ಹಲ್ಲೆಗೆ ಎಕ್ಸ್85ರಿಂದ ವೈ09ರವರೆಗಿನ ಸಂಕೇತಗಳು ಮೀಸಲು. ಡಿಸ್ಚಾರ್ಜ್ ಸಮರಿಯಲ್ಲಿ ಎರಡನೆಯ ಸಂಕೇತವನ್ನು ಬಿಟ್ಟರೆ, ವರ್ಷದ ಕೊನೆಯಲ್ಲಿ ಎಷ್ಟು ಮೂಳೆ ಮುರಿದವು ಎಂದು ಹೇಳಬಹುದೇ ಹೊರತು ಏಕೆ ಮುರಿದವು ಎಂದು ಹೇಳಲಾಗದು.

ನಿಮ್ಮ ಕ್ಯಾಶುವಾಲ್ಟಿಯಲ್ಲಿ ಆರಂಭಿಸುವುದಾದರೆ ಒಂದು ಪುಟಕ್ಕಿಂತ ದೊಡ್ಡ ನಮೂನೆ ಬೇಡ. ಎಲ್ಲಿ ಆಯಿತು, ಯಾವ ಹೊತ್ತಿನಲ್ಲಿ, ಯಾವುದರಿಂದ, ಹೊಡೆದವರು ಪರಿಚಿತರೇ ಅಪರಿಚಿತರೇ, ಇಬ್ಬರಲ್ಲಿ ಯಾರಾದರೂ ಕುಡಿದಿದ್ದರೇ, ಹಿಂದೆಯೂ ಹೀಗಾಗಿತ್ತೇ. ಇಷ್ಟು ಸಾಕು. ಕೊನೆಯ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ‘ಎಲ್ಲಿ’ ಎಂಬಲ್ಲಿ ‘ವಿರಾಜಪೇಟೆ ತಾಲ್ಲೂಕು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಲೈನ್ ಮನೆ, ಸಂತೆ ಮೈದಾನ, ಬಸ್ ನಿಲ್ದಾಣ, ಮದ್ಯದಂಗಡಿಯ ಮುಂದೆ ಎಂಬಷ್ಟು ಖಚಿತತೆ ಇರಬೇಕು. ಕೊಡಗಿಗೇ ವಿಶೇಷವಾದ ಒಂದು ತೊಡಕನ್ನೂ ಗಮನದಲ್ಲಿಡಿ. ಅಸ್ಸಾಮಿನಿಂದ ಬಂದ ಕಾರ್ಮಿಕರಾಗಲಿ, ಯರವ ಬುಡಕಟ್ಟು ಸಮುದಾಯದ ಕಾರ್ಮಿಕರಾಗಲಿ ಗಾಯಗೊಂಡು ಬಂದಾಗ ಅವರ ಪರವಾಗಿ ಉತ್ತರ ಹೇಳುವವರು ಹಲವು ಸಲ ಕರೆತಂದ ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ. ಅವರ ಸಹಾಯಕ್ಕೆ ಕೃತಜ್ಞರಾಗಿರೋಣ, ಆದರೆ ಅವರ ಮಾತನ್ನು ಗಾಯಾಳುವಿನ ಮಾತೆಂದು ಬರೆದುಕೊಂಡರೆ ಇಡೀ ಅಧ್ಯಯನವೇ ದಾರಿ ತಪ್ಪುತ್ತದೆ. ಯಾರು ಉತ್ತರಿಸಿದರು ಎಂಬುದಕ್ಕೂ ನಮೂನೆಯಲ್ಲಿ ಒಂದು ಅಂಕಣ ಇರಲಿ.

ಚಿಕಿತ್ಸೆಗಾಗಿ ಬರೆದಿಟ್ಟ ಮಾಹಿತಿಯನ್ನು ಸಂಶೋಧನೆಗೆ ಬಳಸಬೇಕಾದರೆ ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಈಗಲೇ ಓದಲು ಶುರುಮಾಡಿ. ಎಂಎಸ್ ಸೇರಿದ ಮೇಲೆ ಪ್ರಬಂಧ ಹೇಗೂ ಕಡ್ಡಾಯ. ಅದಕ್ಕೆ ಇದೇ ವಿಷಯವನ್ನು ಆರಿಸಿಕೊಳ್ಳಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು 3 ತಿಂಗಳು ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ ಇದೆ. ನೀವು ಎಲ್ಲಿಯೇ ಓದಿದರೂ, ಜಿಲ್ಲಾ ಆಸ್ಪತ್ರೆಯಲ್ಲಿ ಗಾಯಗಳ ದಾಖಲಾತಿ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಅವಕಾಶ. ಮುಂದೆ ಎಪಿಡೆಮಿಯಾಲಜಿಯನ್ನು (ಜನಸಮೂಹದಲ್ಲಿ ರೋಗ, ಗಾಯಗಳ ಹರಡುವಿಕೆ ಮತ್ತು ಕಾರಣಗಳ ಅಧ್ಯಯನ) ಕ್ರಮವಾಗಿ ಕಲಿಯಬೇಕೆನಿಸಿದರೆ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇವೆ. ಗಾಯಗಳ ಕಣ್ಗಾವಲನ್ನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ನಡೆಸಿ ತೋರಿಸಿದ ಅನುಭವ ನಿಮ್ಹಾನ್ಸ್‌ಗೆ ಇದೆ.

ಉತ್ತರ: ಪೊನ್ನಂಪೇಟೆಯ ಬೆಳೆಗಾರ

ಡಾಕ್ಟರಮ್ಮ, ನಾನು ವೈದ್ಯನಲ್ಲ, ಸಣ್ಣ ಕಾಫಿ ತೋಟದವನು. ನಮ್ಮ ಜಿಲ್ಲೆಯ ಹೆಣ್ಣುಮಗಳು ಇಂಥ ವಿಚಾರ ಎತ್ತಿದ್ದು ನನಗೆ ತುಂಬ ಸಂತೋಷ ತಂದಿದೆ. ಲೈನ್ ಮನೆಗಳ ಜಗಳಗಳ ಬಗ್ಗೆ ನೀವು ಬರೆದದ್ದು ನಿಜ. ತೋಟದ ಮಾಲೀಕರಾದ ನಾವೂ ಅದಕ್ಕೆ ಹೊಣೆ ಹೊರಬೇಕು. ಬೇರೆ ಬೇರೆ ಕುಟುಂಬಗಳನ್ನು ಒಂದೇ ಸೂರಿನಡಿ ಇಕ್ಕಟ್ಟಾಗಿ ಇರಿಸಿದ್ದೇವೆ, ಕೆಲಸ ಮುಗಿದ ಮೇಲೂ ಕತ್ತಿಗಳು ಅವರ ಕೈಯಲ್ಲೇ ಉಳಿಯುತ್ತವೆ. ಸಂಜೆ ಕತ್ತಿಗಳನ್ನು ಲೆಕ್ಕ ಮಾಡಿ ಸ್ಟೋರಿನಲ್ಲಿ ಇಡುವ ಪದ್ಧತಿ ತರುವುದು ಕಷ್ಟವೇನಲ್ಲ.

ನನಗಿರುವ ಆತಂಕ ಒಂದೇ. ಹಿಂಸೆಯ ಸಂಶೋಧನೆ ಎಂದ ಕೂಡಲೇ ಕೊಡಗಿನ ಕೋವಿಯ ಕಡೆಗೆ ಬೆರಳು ತೋರಿಸಲಾಗುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ನಾವು ಕೋವಿಯನ್ನು ಪೂಜಿಸುತ್ತೇವೆ, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೇವೆ. ಆ ಗೌರವಕ್ಕೆ ಧಕ್ಕೆ ಬಾರದಂತೆ ಈ ಕೆಲಸ ನಡೆಯಬಹುದೇ?

ಉತ್ತರ: ಟ್ರಾಮಾ ಸರ್ಜನ್, ಮೈಸೂರು

ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಇದೇ ಆತಂಕ ಅಮೆರಿಕದಲ್ಲಿ ಒಂದು ಇಡೀ ಸಂಶೋಧನಾ ಕ್ಷೇತ್ರವನ್ನು ಒಣಗಿಸಿತು. 1993ರಲ್ಲಿ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರ ಅಧ್ಯಯನ, ಮನೆಯಲ್ಲಿ ಬಂದೂಕು ಇರುವುದಕ್ಕೂ ಆ ಮನೆಯಲ್ಲಿ ಕೊಲೆ ನಡೆಯುವ ಅಪಾಯ ಹೆಚ್ಚುವುದಕ್ಕೂ ಸಂಬಂಧವಿದೆ ಎಂದು ತೋರಿಸಿತು. 1996ರಲ್ಲಿ ಅಲ್ಲಿನ ಸಂಸತ್ತು ರೋಗ ನಿಯಂತ್ರಣ ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದು ಎಂಬ ಷರತ್ತು ಹಾಕಿತು. ಅಧ್ಯಯನವನ್ನೇ ನಿಷೇಧಿಸದಿದ್ದರೂ ಭಯದಿಂದ ಹಣ ನಿಂತಿತು, ಹಣ ನಿಂತಾಗ ಯುವ ಸಂಶೋಧಕರು ಬೇರೆ ವಿಷಯಗಳಿಗೆ ಹೊರಟುಹೋದರು. 2019ರ ಡಿಸೆಂಬರಿನಲ್ಲಿ ಮತ್ತೆ 2.5 ಕೋಟಿ ಡಾಲರ್ ಮಂಜೂರಾಗುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಆ ಅವಧಿಯಲ್ಲಿ ಬಂದೂಕು ಇಟ್ಟುಕೊಂಡವರಿಗೂ ಅದರ ವಿರೋಧಿಗಳಿಗೂ ಖಚಿತ ಮಾಹಿತಿ ಸಿಗಲಿಲ್ಲ. ಕೊಡಗಿನಲ್ಲಿ ಹಾಗಾಗುವುದು ನನಗೆ ಇಷ್ಟವಿಲ್ಲ.

ಅಮೆರಿಕದಲ್ಲಿ ಗುಂಡೇಟಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಈ ಸಂಗತಿ ಹಕ್ಕಿನ ಚರ್ಚೆಯನ್ನು ಪಕ್ಕಕ್ಕಿಟ್ಟು ಮನೆಯೊಳಗಿನ ಸುರಕ್ಷತೆಯ ಕಡೆಗೆ ನಮ್ಮ ಗಮನ ಸೆಳೆಯುತ್ತದೆ: ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ತೋಟಾಗಳನ್ನು ಬೇರೊಂದು ಕಡೆ, ಬೀಗದ ಕೈಯನ್ನು ಹಿರಿಯರ ಬಳಿ ಇಡುವುದು, ಮನೆಯಲ್ಲಿ ಯಾರಾದರೂ ತೀವ್ರ ಮನೋವ್ಯಥೆಯಲ್ಲಿದ್ದಾಗ ಅಥವಾ ಕುಡಿತ ಮಿತಿಮೀರಿದಾಗ ಕೆಲಕಾಲ ಕೋವಿಯನ್ನು ನೆಂಟರ ಮನೆಗೆ ಸಾಗಿಸುವುದು. ಕೋವಿಯನ್ನು ಗೌರವಿಸುವ ಮನೆತನಗಳೇ ಈ ಮಾತನ್ನು ಮುಂದೆ ನಿಂತು ಹೇಳಿದರೆ ಜನ ಕೇಳುತ್ತಾರೆ. ಅಧ್ಯಯನದ ಸಲಹಾ ಸಮಿತಿಯಲ್ಲಿ ನಿಮ್ಮಂಥವರು ಮೊದಲ ದಿನದಿಂದಲೇ ಇರಬೇಕೆಂದು ನಾನು ಬಯಸುತ್ತೇನೆ. ಕತ್ತಿಗಳನ್ನು ಸ್ಟೋರಿನಲ್ಲಿ ಇಡುವ ನಿಮ್ಮ ಸಲಹೆಯೂ ಪರೀಕ್ಷೆಗೆ ಯೋಗ್ಯವಾದದ್ದು. ಕೆಲವು ತೋಟಗಳಲ್ಲಿ ಜಾರಿಗೆ ತಂದು, ಜಾರಿಯಾಗದ ತೋಟಗಳೊಂದಿಗೆ ಹೋಲಿಸಿ ನೋಡಬಹುದು.

ಮರುಪ್ರಶ್ನೆ: ಗೋಣಿಕೊಪ್ಪದ ಹೌಸ್ ಸರ್ಜನ್

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಆ ಒಂದು ಪುಟದ ನಮೂನೆಯ ಕರಡನ್ನು ಈ ವಾರವೇ ಸಿದ್ಧಪಡಿಸಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಗಂಡನಿಂದ ಪೆಟ್ಟು ತಿಂದ ಮಹಿಳೆ ನಮ್ಮನ್ನು ನಂಬಿ ಹೇಳಿದ ಮಾತು ಮಾಹಿತಿಯ ರೂಪದಲ್ಲಿ ಹೊರಗೆ ಹೋಗಿ, ಅದರಿಂದ ಅವರಿಗೇ ಅಪಾಯವಾದರೆ ಏನು ಮಾಡುವುದು? ನಮ್ಮದು ಎಲ್ಲರೂ ಎಲ್ಲರನ್ನೂ ಬಲ್ಲ ಜಿಲ್ಲೆ. ಹೆಸರು ತೆಗೆದರೂ ಊರು ಮತ್ತು ದಿನಾಂಕ ನೋಡಿದರೆ ಯಾರೆಂದು ತಿಳಿದುಬಿಡುತ್ತದೆ.

ಉತ್ತರ: ಕ್ಯಾಶುವಾಲ್ಟಿಯ ಹಿರಿಯ ಶುಶ್ರೂಷಾಧಿಕಾರಿ, ಮಡಿಕೇರಿ

ಡಾಕ್ಟರ್, ನಿಮ್ಮ ಸಂದೇಹ ಸರಿಯಾದದ್ದು, ಇದಕ್ಕೆ ಉತ್ತರ ಸಿಗದೆ ನಮೂನೆಯನ್ನು ಬಳಕೆಗೆ ತರಬಾರದು. ಎರಡು ದಾಖಲೆಗಳನ್ನು ಬೇರೆಬೇರೆಯಾಗಿಯೇ ಇಡಬೇಕು. ಎಂಎಲ್‌ಸಿ ಕಾನೂನಿನ ದಾಖಲೆ; ಅದರಲ್ಲಿ ಹೆಸರು ಇರುತ್ತದೆ, ಅದು ಠಾಣೆಗೆ ಹೋಗುತ್ತದೆ. ಹಾಗೆ ಹೋಗುತ್ತದೆ ಎಂಬುದನ್ನು ಆ ಮಹಿಳೆಗೆ ಮೊದಲೇ ತಿಳಿಸುವುದು ನಮ್ಮ ಕರ್ತವ್ಯ. ಚಿಕಿತ್ಸೆಯನ್ನು ಮಾತ್ರ ಯಾವ ಕಾಗದಕ್ಕೂ ಕಾಯಿಸಬಾರದು. ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಅಧ್ಯಯನದ ಮಾಹಿತಿಯಲ್ಲಿ ಹೆಸರೂ ಬೇಡ, ದಿನಾಂಕವೂ ಬೇಡ. ವಾರದ ದಿನ ಮತ್ತು ಹೊತ್ತು ಸಾಕು. ಮನೆಯೊಳಗಿನ ಹಿಂಸೆಯಾದರೆ ಸ್ಥಳದ ಜಾಗದಲ್ಲಿ ‘ಮನೆ’ ಎಂದಷ್ಟೇ ಬರೆದು ತಾಲ್ಲೂಕಿಗೆ ನಿಲ್ಲಿಸಿ. ಮೇಲೆ ಅಧ್ಯಾಪಕಿ ಮೇಡಂ ಹೇಳಿದ ಖಚಿತ ಸ್ಥಳದ ನಿಯಮ ಸಂತೆಗೂ ಬಸ್ ನಿಲ್ದಾಣಕ್ಕೂ ಸರಿ, ಮಲಗುವ ಕೋಣೆಗೆ ಸರಿಯಲ್ಲ. ಒಂದು ಗುಂಪಿನಲ್ಲಿ ಒಬ್ಬಿಬ್ಬರೇ ಇದ್ದರೆ ಆ ಸಂಖ್ಯೆಯನ್ನು ಹೊರಗೆ ಕೊಡಬೇಡಿ, ಹೆಚ್ಚು ತಿಂಗಳುಗಳನ್ನು ಸೇರಿಸಿ ಒಟ್ಟಾಗಿ ಕೊಡಿ.

ಕೇಳುವ ರೀತಿಯೂ ಮುಖ್ಯ. ಗಂಡ ಮಂಚದ ಪಕ್ಕದಲ್ಲಿ ನಿಂತಿರುವಾಗ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ. ಎಕ್ಸ್-ರೇ ಕೋಣೆಯೊಳಗೆ ಜೊತೆಗಿರುವವರನ್ನು ಬಿಡುವಂತಿಲ್ಲ ಎಂಬ ನಿಯಮ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ನಾನು ಅವರನ್ನು ನೋಂದಣಿ ಕೌಂಟರಿಗೆ ಚೀಟಿ ಮಾಡಿಸಲು ಕಳುಹಿಸಿ, ಆಕೆಯನ್ನು ಎಕ್ಸ್-ರೇಗೆ ಕರೆದೊಯ್ಯುವ ದಾರಿಯಲ್ಲಿ ವಿಚಾರಿಸುತ್ತೇನೆ. “ಯಾರು ಹೊಡೆದರು?” ಎಂದು ಆರಂಭಿಸುವುದಿಲ್ಲ, “ಮನೆಗೆ ಹೋಗಲು ಭಯವಿದೆಯೇ?” ಎಂದು ಕೇಳುತ್ತೇನೆ. ಭಯವಿದೆ ಎಂದರೆ 181 ಮಹಿಳಾ ಸಹಾಯವಾಣಿಯ ಬಗ್ಗೆಯೂ ಹಿಂಸೆಗೊಳಗಾದ ಮಹಿಳೆಯರಿಗೆ ನೆರವು ನೀಡುವ ಸಖಿ ಕೇಂದ್ರದ ಬಗ್ಗೆಯೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಿಗುವ ರಕ್ಷಣೆಯ ಬಗ್ಗೆಯೂ ಹೇಳುತ್ತೇನೆ. ಆದರೆ ಆ ಮಾಹಿತಿಯ ಕಾಗದವನ್ನು ಅವರ ಕೈಗೆ ಕೊಡುವುದಿಲ್ಲ, ಮನೆಯಲ್ಲಿ ಅದು ಸಿಕ್ಕರೆ ಮತ್ತೆ ಪೆಟ್ಟು ಬೀಳುತ್ತದೆ. ಡ್ರೆಸ್ಸಿಂಗಿಗೆ ಬರಬೇಕಾದ ದಿನವನ್ನು ಮಾತ್ರ ಚೀಟಿಯಲ್ಲಿ ಬರೆದು, ಆ ದಿನ ನಾನೇ ಪಾಳಿಯಲ್ಲಿರುವಂತೆ ನೋಡಿಕೊಳ್ಳುತ್ತೇನೆ.

ನಿಮ್ಮ ಕರಡು ಸಿದ್ಧವಾದ ಮೇಲೆ ದಯವಿಟ್ಟು ಇಲ್ಲಿಯೂ ಹಾಕಿ. ರಾತ್ರಿ ಪಾಳಿಯಲ್ಲಿ ಅದನ್ನು ತುಂಬಬೇಕಾದವರು ಹೆಚ್ಚಾಗಿ ನರ್ಸ್‌ಗಳೇ ಆಗಿರುತ್ತಾರೆ. ಯಾವ ಪ್ರಶ್ನೆ ಯಾವ ಕ್ರಮದಲ್ಲಿ ಬಂದರೆ ಕೇಳಲು ಸುಲಭ ಎಂಬುದನ್ನು ನಾವು ನೋಡಿ ಹೇಳುತ್ತೇವೆ.